ಸಹಾಯ ಬೇಕು: ಮುಂಬೈಯ ಕನ್ನಡ ರಾಕ್ ಬ್ಯಾಂಡಿಗೆ ಡ್ರಮ್ಮರ್

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ನಮ್ಮದು ಮೂವರ ಆಲ್ಟರ್ನೇಟಿವ್ ರಾಕ್ ಬ್ಯಾಂಡ್. ಹಾಡುಗಳೆಲ್ಲ ಕನ್ನಡ. ಡ್ರಮ್ಸ್ ನುಡಿಸುತ್ತಿದ್ದ ಗೆಳೆಯನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೊರಟ.

ಮೂವರೇ ಇದ್ದರೆ ಎರಡನೇ ಗಿಟಾರ್ ಇರುವುದಿಲ್ಲ. ಗಿಟಾರ್ ಸೋಲೊ ಬಂದಾಗ ಬಾಸ್ ಮತ್ತು ಡ್ರಮ್ಸ್ ಎರಡೇ ಹಾಡನ್ನು ಹಿಡಿದು ನಿಲ್ಲಿಸಬೇಕು. ಹಾಗಾಗಿ ಸುಮ್ನೆ ಜೋರಾಗಿ ಬಾರಿಸುವವರಿಗಿಂತ ತಾಳ ಬಿಡದವರು ಬೇಕು. ಯಕ್ಷಗಾನದ ಚೆಂಡೆ ಬಾರಿಸಿದವರಾದರೆ ಇನ್ನೂ ಖುಷಿ! ಕನ್ನಡ ಬರದಿದ್ದರೂ ನಡೆಯುತ್ತದೆ. 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಅನ್ನೋ ರಾಕ್ ಸಂಗೀತೋತ್ಸವ ಶುರುವಾದ ಊರು ಮುಂಬೈ, ಡ್ರಮ್ಮರ್‌ಗಳಿಗೆ ಬರ ಇರಬಾರದು ಅಲ್ವಾ?

ಅಭ್ಯಾಸ ಭಾನುವಾರ, ದಾದರ್ ಕಡೆಯ ಜಾಮ್ ರೂಮಿನಲ್ಲಿ. ಡ್ರಮ್ಸ್ ಅಲ್ಲೇ ಇದೆ, ಸ್ಟಿಕ್ಸ್ ತಂದರೆ ಸಾಕು. ಬಾಡಿಗೆ ಹಂಚಿಕೊಳ್ಳೋಣ.

ಇನ್ನೊಂದು ವಿಷಯ. ಮಾಟುಂಗ ಕಡೆಯ ಕನ್ನಡ ಸಂಘಗಳ ಸಭಾಂಗಣದಲ್ಲಿ ರಾಕ್ ಕಾರ್ಯಕ್ರಮಕ್ಕೆ ಒಪ್ಪುತ್ತಾರಾ? ಪದಾಧಿಕಾರಿಗಳ ಪರಿಚಯ ಇದ್ದವರು ದಯವಿಟ್ಟು ಮೆಸೇಜ್ ಮಾಡಿ.