ಮುತ್ತಜ್ಜನ ಕಾರ್ಡುಗಳಲ್ಲಿ ಪ್ರತಿ ಪಂಚಮಿಗೂ ಬರುವ ತಂಗಿ ಯಾರು?

ರೋಣದ ಮೊಮ್ಮಗಳು:
ನಮ್ಮ ಮುತ್ತಜ್ಜ ಗದಗಿನ ಒಂದು ಹತ್ತಿ ಅಡತಿ (ದಲಾಲಿ ವ್ಯಾಪಾರದ) ಅಂಗಡಿಯಲ್ಲಿ ದಿವಾನಜಿ, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಅಲ್ಲಿಂದ ರೋಣ ತಾಲೂಕಿನ ನಮ್ಮೂರಿಗೆ ಅವರು ಬರೆದ ಕಾರ್ಡುಗಳ ಒಂದು ಕಟ್ಟು ಮನೆಯಲ್ಲಿ ಉಳಿದಿದೆ. ಎಲ್ಲವೂ ಕಾಲಾಣೆ ಕಾರ್ಡು, ಮೇಲೆ ಐದನೇ ಜಾರ್ಜ್ ಮುಖ. ತಾಯಿಗೆ ಬರೆದವು ಕನ್ನಡದಲ್ಲಿವೆ. ತಾಯಿಗೆ ಓದು ಬಾರದು, ತಮ್ಮನೇ ಓದಿ ಹೇಳಬೇಕು. ತಮ್ಮನಿಗೇ ಬರೆದ ಕೆಲವು ಕಾರ್ಡು ಸುರುಳಿ ಸುರುಳಿ ಅಕ್ಷರದಲ್ಲಿವೆ. ಅದು ಮೋಡಿ ಅಂತಾರೆ, ನನಗೆ ಬರುವುದಿಲ್ಲ.

ಕನ್ನಡದವನ್ನು ಪೂರ್ತಿ ಓದಿದೆ. ಹತ್ತಿ ದರ, ಎತ್ತಿನ ವ್ಯಾಪಾರ, ಬಡ್ಡಿ, ತಮ್ಮನ ಸಾಲಿ. ಆದರೆ ಶ್ರಾವಣದ ಕಾರ್ಡುಗಳಲ್ಲೆಲ್ಲ ಒಂದು ಮಾತು ತಪ್ಪುವುದಿಲ್ಲ: ‘ಪಂಚಮಿಗೆ ತಂಗಿಯನ್ನು ಕರೆಸಿದಿರೋ ಇಲ್ಲವೋ ತಿಳಿಸಬೇಕು.’ ಒಂದರಲ್ಲಿ ‘ಬೆಣ್ಣೆಹಳ್ಳ ತುಂಬಿ ಬಂದು ತಂಗಿ ಬರಲಾಗಲಿಲ್ಲ ಎಂದು ಕೇಳಿ ಬಹಳ ಬೇಜಾರಾಯಿತು’ ಅಂತ ಇದೆ.

ನಮ್ಮ ವಂಶಾವಳಿಯಲ್ಲಿ ಇರುವುದು ಇಬ್ಬರು ಅಣ್ಣತಮ್ಮಂದಿರು ಮಾತ್ರ. ಮುತ್ತಜ್ಜನಿಗೆ ತಂಗಿಯೊಬ್ಬಳು ಇದ್ದದ್ದು ಅಪ್ಪನಿಗೂ ಗೊತ್ತಿಲ್ಲ. ಒಂದು ಕಾರ್ಡಿನ ತಾರೀಖು ‘ಕಾಳಯುಕ್ತಿ ಸಂ|| ಭಾದ್ರಪದ ವದ್ಯ 8’. ಅದರಲ್ಲಿ ‘ಇಲ್ಲಿ ಮನೆಮನೆಗೆ ಜ್ವರ. ನೀವು ಯಾರೂ ಗದಗಿಗೆ ಬರಬೇಡಿರಿ’ ಎಂದಿದೆ. ಆಮೇಲೆ ಸುಮಾರು ಒಂದು ವರ್ಷ ಕಾರ್ಡೇ ಇಲ್ಲ. ಮತ್ತೆ ಶುರುವಾದ ಮೇಲೆ ಪಂಚಮಿಯ ಮಾತೂ ಇಲ್ಲ, ತಂಗಿಯ ಮಾತೂ ಇಲ್ಲ. ಈಕೆ ಯಾರು, ಯಾವ ಊರಿಗೆ ಕೊಟ್ಟಿದ್ದರು, ಹುಡುಕುವುದು ಹೇಗೆ?

ಹಳೇ ಅಂಚೆ:
ಮೊದಲು ವರ್ಷ ಗಟ್ಟಿ ಮಾಡಿಕೊಳ್ಳೋಣ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಳಯುಕ್ತಿ ಬಂದದ್ದು 1858, 1918, 1978ರಲ್ಲಿ. ನಮ್ಮಲ್ಲಿ ಅಂಚೆ ಕಾರ್ಡು ಶುರುವಾದದ್ದೇ 1879ರಲ್ಲಿ, ಕಾಲಾಣೆ ದರ ಇದ್ದದ್ದು 1922ರವರೆಗೆ. ಹಾಗಾಗಿ ನಿಮ್ಮದು 1918, ಸೆಪ್ಟೆಂಬರ್ ಕೊನೆಯ ವಾರ. ಠಸ್ಸೆಯನ್ನೂ (ಅಂಚೆ ಮುದ್ರೆ) ಭೂತಗನ್ನಡಿಯಲ್ಲಿ ನೋಡಿ. ಹಾಕಿದ ಊರಿನದು ಒಂದು, ಮುಟ್ಟಿದ ಊರಿನದು ಇನ್ನೊಂದು ಇರುತ್ತದೆ.

ಒಂದು ಕಳಕಳಿಯ ಮಾತು. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಮಸಿ ನೇರಳೆ ಬಣ್ಣಕ್ಕಿದ್ದರೆ ಅದು ಕಾಪಿ ಪೆನ್ಸಿಲ್ ಇರಬಹುದು, ಒಂದು ಹನಿ ನೀರು ಬಿದ್ದರೂ ಹರಡಿಬಿಡುತ್ತದೆ. ಎರಡೂ ಬದಿ ಫೋಟೋ ತೆಗೆದಿಡಿ. ಮಾಸಿದ ಅಕ್ಷರಕ್ಕೆ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ.

ನವಲಗುಂದದವಳು:
ತಂಗಿ, ಓದಿ ಕರುಳು ಚುರ್ ಅಂತು. ಗಂಡನ ಮನೆಗೆ ಹೋದ ಹೆಣ್ಣುಮಗಳನ್ನೇ ಅಲ್ವಾ ಪಂಚಮಿಗೆ ಕರೆಯುವುದು? ಅಂದರೆ ಆಕೆಗೆ ಮದುವೆಯಾಗಿತ್ತು. ಬೆಣ್ಣೆಹಳ್ಳ ಅಡ್ಡ ಬಂದಿದೆ ಅಂದರೆ ಕೊಟ್ಟದ್ದು ಹಳ್ಳದ ಆಚೆ, ನಮ್ಮ ನವಲಗುಂದದ ಕಡೆಯ ಯಾವುದೋ ಊರಿಗೆ ಇರಬೇಕು. ಆ ಹಳ್ಳ ಬಂತೆಂದರೆ ಇಂದಿಗೂ ದಾರಿ ಬಂದ್.

1918ರ ಜ್ವರ ಅಂದರೆ ಆ ದೊಡ್ಡ ಇನ್‌ಫ್ಲುಯೆಂಜಾ. ನಮ್ಮ ಸೀಮೆ ಆಗ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಅದು ಜಾಸ್ತಿ ಜನರನ್ನು ಒಯ್ದಿತು. ದೇಶದಲ್ಲಿ ಸತ್ತವರು ಒಂದು ಕೋಟಿಗೂ ಮಿಕ್ಕು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಇನ್ನು ಆ ಒಂದು ವರ್ಷದ ಕಾರ್ಡು ಯಾಕಿಲ್ಲ ಅಂದಿರಿ. ಸಾವಿನ ಸುದ್ದಿಯ ಕಾಗದವನ್ನು ಹಿಂದೆ ಮನೆಯಲ್ಲಿ ಇಡುತ್ತಿರಲಿಲ್ಲ. ಓದಿ, ಹರಿದು, ಹೊರಗೇ ಒಗೆಯುತ್ತಿದ್ದರು. ಸುತ್ತಮುತ್ತಲಿನವೂ ಅದರ ಜೊತೆ ಹೋಗಿರಬಹುದು.

ಅಡತಿ ಲೆಕ್ಕ:
ಮೋಡಿ ಕಾರ್ಡುಗಳ ಫೋಟೋ ಹಾಕಿ, ಓದಿ ಕೊಡುತ್ತೇನೆ. ಮೋಡಿ ಅಂತ ನಾವು ಎರಡಕ್ಕೆ ಅನ್ನುತ್ತೇವೆ. ಶಾನುಭೋಗರ ಗೀಚು ಕನ್ನಡವೂ ಮೋಡಿ, ಮರಾಠಿಯ ಮೋಡಿ ಲಿಪಿಯೂ ಮೋಡಿ. ಮೇಲೆ ಉದ್ದಕ್ಕೆ ಒಂದೇ ಗೆರೆ ಎಳೆದು ಅದರ ಕೆಳಗೆ ಅಕ್ಷರ ಜೋಡಿಸಿದ್ದರೆ ಎರಡನೆಯದು. ಅದರಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಇ-ಈ, ಉ-ಊ ಭೇದವಿಲ್ಲ. ಹೊಸಬರಿಗೆ ಹೆಸರುಗಳೇ ಕಷ್ಟ.

ರೋಣದ ಮೊಮ್ಮಗಳು:
ಎಲ್ಲರಿಗೂ ಧನ್ಯವಾದ. ಠಸ್ಸೆಯಲ್ಲಿ 18 ಸ್ಪಷ್ಟವಾಗಿ ಕಾಣುತ್ತಿದೆ. ಮೇಲೆ ಗೆರೆ ಇದೆ ಸರ್, ಫೋಟೋ ಹಾಕಿದ್ದೇನೆ.

ಅಡತಿ ಲೆಕ್ಕ:
ಓದಿದೆ. ಅಕ್ಷರ ಮೋಡಿ, ಮಾತು ಮರಾಠಿ. ಹೆಚ್ಚಿನವು ಬರೀ ಲೆಕ್ಕ, ಬೇಗ ಮುಗಿದವು. ಆದರೆ ಮೂರನೇ ಕಾರ್ಡಿನ ಕೊನೆಯ ಎರಡು ಸಾಲು ನಿಮಗೆ ಬೇಕಾದದ್ದು. ತಂಗಿಯ ಕೂಸಿಗೆ ಬೆಳ್ಳಿ ಉಡದಾರ ಮಾಡಿಸಿದ್ದೇನೆ, ಪಂಚಮಿಗೆ ಬಂದಾಗ ತಾಯಿಯ ಕೈಯಿಂದಲೇ ಕಟ್ಟಿಸು, ದುಡ್ಡಿನ ವಿಷಯ ಮನೆಯಲ್ಲಿ ಹೇಳಬೇಡ ಅಂತ ತಮ್ಮನಿಗೆ ಬರೆದಿದ್ದಾರೆ. ತಾಯಿಯ ಕಾರ್ಡಿನಲ್ಲಿ ಇದು ಯಾಕಿಲ್ಲ ಅಂತ ಈಗ ಗೊತ್ತಾಯಿತಲ್ಲ. ಊರಿನ ಹೆಸರು ಎಲ್ಲೂ ಇಲ್ಲ.

ನವಲಗುಂದದವಳು:
ಕೂಸಿತ್ತು! ಹಾಗಾದರೆ ಆ ಕೂಸಿನ ಮಕ್ಕಳು, ಮೊಮ್ಮಕ್ಕಳು ನಮ್ಮ ಸುತ್ತಲೇ ಇರಬಹುದು. ನಿಮ್ಮೂರಿನ ಹಳೇ ಉತಾರ (ಹೊಲದ ದಾಖಲೆ), ವಾರಸಾ (ಆಸ್ತಿ ಹಕ್ಕಿನ) ಕಾಗದ ತೆಗೆಸಿ, ಸಾಕ್ಷಿ ಹಾಕಿದ ಬೀಗರ ಊರು ಅದರಲ್ಲಿ ಸಿಗುವುದುಂಟು. ಹಿರಿಯರು ನಾಸಿಕಕ್ಕೆ ಯಾತ್ರೆ ಹೋಗಿದ್ದರೆ ಅಲ್ಲಿಯ ತೀರ್ಥೋಪಾಧ್ಯಾಯರ ವಹಿಯಲ್ಲೂ (ಯಾತ್ರಿಕರ ಮನೆತನದ ಹೆಸರು ಬರೆದಿಡುವ ಪುರೋಹಿತರ ಪುಸ್ತಕ) ಕೇಳಿ. ತಾಲೂಕು ಕಚೇರಿಯಲ್ಲಿ 1918ರ ಜನನ-ಮರಣದ ಪುಸ್ತಕ ಉಳಿದಿದೆಯೇ ಅಂತ ನಾನು ಇಲ್ಲಿ ಸೋಮವಾರ ವಿಚಾರಿಸುತ್ತೇನೆ.

ರೋಣದ ಮೊಮ್ಮಗಳು:
ಅಕ್ಕಾ, ಉಡದಾರದ ಮಾತು ಅಪ್ಪನಿಗೆ ಓದಿ ಹೇಳಿದೆ. ಆ ಕೂಸಿನ ಮನೆತನ ಸಿಗುವವರೆಗೂ ಬಿಡಬೇಡ ಅಂದರು. ಉತಾರಕ್ಕೆ ನಾಳೆಯೇ ಅರ್ಜಿ ಕೊಡುತ್ತೇನೆ. ಬೀಗರ ಊರು ಗೊತ್ತಾದ ಕೂಡಲೇ ಇಲ್ಲೇ ಬರೆಯುತ್ತೇನೆ.