ಬೆಂಗಳೂರು ಕೇಂದ್ರ: ಏಳು ಕ್ಷೇತ್ರಗಳ ಲೆಕ್ಕವನ್ನು ಎಂಟನೆಯದು ತಿರುಗಿಸುವುದು ಯಾಕೆ?

ಕಾಟನ್‌ಪೇಟೆ ಕಾರ್ನರ್:
ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಮಾತು ಬಂದಾಗಲೆಲ್ಲ ಒಂದೇ ಸಾಲು ಕೇಳಿಬರುತ್ತದೆ: ಮುಸ್ಲಿಂ, ಕ್ರೈಸ್ತ, ತಮಿಳು ಮತ ಒಟ್ಟಾದರೆ ಕಾಂಗ್ರೆಸ್ ಗೆಲ್ಲಲೇಬೇಕು. 2008ರ ಪುನರ್ವಿಂಗಡಣೆಯಲ್ಲಿ ಹುಟ್ಟಿದ ಈ ಕ್ಷೇತ್ರದಲ್ಲಿ ಇದುವರೆಗಿನ ನಾಲ್ಕು ಚುನಾವಣೆಯಲ್ಲೂ ಗೆದ್ದದ್ದು ಬಿಜೆಪಿಯ ಪಿ.ಸಿ. ಮೋಹನ್. ಅಂತರ 2009ರಲ್ಲಿ 35,218, 2014ರಲ್ಲಿ 1,37,500, 2019ರಲ್ಲಿ 70,968, 2024ರಲ್ಲಿ 32,707. ಆದರೆ 2023ರ ವಿಧಾನಸಭೆಯಲ್ಲಿ ಇದರೊಳಗಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಐದು ಕಾಂಗ್ರೆಸ್‌ಗೆ ಹೋಗಿದ್ದವು: ಸರ್ವಜ್ಞನಗರ, ಶಿವಾಜಿನಗರ, ಶಾಂತಿನಗರ, ಗಾಂಧಿನಗರ, ಚಾಮರಾಜಪೇಟೆ. ಬಿಜೆಪಿಗೆ ಉಳಿದದ್ದು ಸಿ.ವಿ. ರಾಮನ್ ನಗರ, ರಾಜಾಜಿನಗರ, ಮಹದೇವಪುರ. ಒಂದು ವರ್ಷ ತುಂಬುವ ಮೊದಲೇ ಲೆಕ್ಕ ಉಲ್ಟಾ. ನನ್ನ ಪ್ರಕಾರ ಮತ ಒಡೆದದ್ದೇ ಮುಖ್ಯ ಕಾರಣ. 2009ರಲ್ಲಿ ಜೆಡಿಎಸ್‌ನ ಜಮೀರ್ ಅಹ್ಮದ್ ಖಾನ್ 1.62 ಲಕ್ಷ ತೆಗೆದುಕೊಂಡರು, 2019ರಲ್ಲಿ ಪ್ರಕಾಶ್ ರಾಜ್ ಪಕ್ಷೇತರರಾಗಿ ನಿಂತರು. ಬೇರೆ ವಿವರಣೆ ಇದ್ದರೆ ಅಂಕಿ ಸಮೇತ ಹೇಳಿ.

ಬೂತ್ ಲೆಕ್ಕ:
2009ಕ್ಕೆ ಒಪ್ಪುತ್ತೇನೆ. ಕಾಂಗ್ರೆಸ್‌ನ ಸಾಂಗ್ಲಿಯಾನಾ ಅವರು 35 ಸಾವಿರದಲ್ಲಿ ಸೋತಾಗ ಜಮೀರ್ ಪಾಲಿನ ಕಾಲು ಭಾಗ ಬಂದಿದ್ದರೂ ಗೆಲ್ಲುತ್ತಿದ್ದರು. ಆಮೇಲಿನ ಚುನಾವಣೆಗಳಿಗೆ ಈ ವಾದ ನಿಲ್ಲುವುದಿಲ್ಲ. 2019ರಲ್ಲಿ ಪ್ರಕಾಶ್ ರಾಜ್‌ಗೆ ಬಂದದ್ದು 28,906. ಅಷ್ಟನ್ನೂ ಕಾಂಗ್ರೆಸ್‌ನ ರಿಜ್ವಾನ್ ಅರ್ಷದ್ ಅವರಿಗೆ ಸೇರಿಸಿದರೂ 42 ಸಾವಿರ ಕಡಿಮೆ. 2024ರಲ್ಲಿ ಮೋಹನ್ 6,58,915, ಕಾಂಗ್ರೆಸ್‌ನ ಮನ್ಸೂರ್ ಅಲಿ ಖಾನ್ 6,26,208. ಮತ ಒಡೆಯುವಷ್ಟು ಬಲದ ಮೂರನೆಯವರೇ ಇರಲಿಲ್ಲ.

ಈಗ ಮಹದೇವಪುರ ಒಂದನ್ನೇ ಬಿಡಿಸಿ ನೋಡಿ. ಅಲ್ಲಿ ಬಿಜೆಪಿ 2,29,632, ಕಾಂಗ್ರೆಸ್ 1,15,586. ಮುನ್ನಡೆ 1,14,046. ಅಂದರೆ ಉಳಿದ ಏಳು ಕ್ಷೇತ್ರ ಮತ್ತು ಅಂಚೆ ಮತ ಸೇರಿದರೆ ಕಾಂಗ್ರೆಸ್ 81,339 ಮತ ಮುಂದೆ.

ಬೇರು ಇರುವುದು ಗಡಿರೇಖೆಯಲ್ಲಿ. ಈ ಗಡಿ ಎಳೆದದ್ದು 2001ರ ಜನಗಣತಿ ಹಿಡಿದು. ಆಗ ವೈಟ್‌ಫೀಲ್ಡ್, ಬೆಳ್ಳಂದೂರು, ವರ್ತೂರು ಕಡೆ ಊರು ಇನ್ನೂ ತೋಟ, ಗದ್ದೆ, ಕೆರೆಗಳ ನಡುವೆ ಇತ್ತು. 2008ರಲ್ಲಿ ಮಹದೇವಪುರದ ಮತದಾರರು 2.75 ಲಕ್ಷದ ಆಸುಪಾಸು, 2024ಕ್ಕೆ 6.6 ಲಕ್ಷದ ಹತ್ತಿರ. ಪೇಟೆ ಕಡೆಯ ಕ್ಷೇತ್ರಗಳಲ್ಲಿ ಹೊಸ ಮನೆ ಕಟ್ಟಲು ಜಾಗವೇ ಇಲ್ಲ. ಎಂಟರಲ್ಲಿ ಒಂದು ಎನ್ನುವ ಲೆಕ್ಕ ಕಾಗದದ ಮೇಲೆ ಮಾತ್ರ. ತೂಕದಲ್ಲಿ ಅದು ಒಟ್ಟು ಮತದಾರರ ಕಾಲು ಭಾಗಕ್ಕಿಂತ ಹೆಚ್ಚು.

ಕಾಟನ್‌ಪೇಟೆ ಕಾರ್ನರ್:
81 ಸಾವಿರದ ಲೆಕ್ಕ ಒಪ್ಪಿದೆ. ಹಾಗಾದರೆ ‘ಐಟಿಯವರು ಬಿಜೆಪಿಗೆ ಹಾಕಿದರು’ ಅಂತ ಮುಗಿಸಿಬಿಡೋಣವಾ?

ವರ್ತೂರು ಕೋಡಿ:
ದಯವಿಟ್ಟು ಹಾಗೆ ಮುಗಿಸಬೇಡಿ. ಮಹದೇವಪುರ ಅಂದರೆ ಐಟಿಪಿಎಲ್ (ವೈಟ್‌ಫೀಲ್ಡಿನ ಐಟಿ ಪಾರ್ಕ್) ಗೇಟು ಮಾತ್ರ ಅಲ್ಲ. ಅದು ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ, ಈ ಎಂಟರಲ್ಲಿ ಸಿ.ವಿ. ರಾಮನ್ ನಗರದ ಜೊತೆ ಮೀಸಲಾಗಿರುವ ಎರಡನೆಯದು. ಕಾಡುಗೋಡಿ, ಹೂಡಿ, ದೊಡ್ಡನೆಕ್ಕುಂದಿಯ ಹಳೇ ಊರುಗಳಲ್ಲಿ ತಲೆಮಾರಿನಿಂದ ಇರುವ ದಲಿತ, ರೆಡ್ಡಿ, ಒಕ್ಕಲಿಗ, ತಿಗಳ ಕುಟುಂಬಗಳಿವೆ. ಬಿದರಹಳ್ಳಿ ಹೋಬಳಿ ಕಡೆ ಮಂಡೂರಿನಂಥ ಗ್ರಾಮ ಪಂಚಾಯಿತಿಗಳೂ ಇದೇ ಕ್ಷೇತ್ರಕ್ಕೆ ಬರುತ್ತವೆ. ಅಪಾರ್ಟ್‌ಮೆಂಟ್‌ನಲ್ಲಿ ಅಡುಗೆ, ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಮಾಡುವವರು ಶೆಡ್ಡುಗಳಲ್ಲಿ ಇದ್ದಾರೆ. ಅವರಲ್ಲಿ ಬಹಳ ಮಂದಿಗೆ ರಾಯಚೂರು, ಯಾದಗಿರಿ ಅಥವಾ ಹೊರರಾಜ್ಯದ ಊರಿನ ಪಟ್ಟಿಯಲ್ಲೇ ಹೆಸರು. ಜನಸಂಖ್ಯೆಯ ಚಿತ್ರ ಒಂದು, ಮತಪಟ್ಟಿಯ ಚಿತ್ರ ಇನ್ನೊಂದು. ಕ್ಷೇತ್ರದ ಸಾಮಾಜಿಕ ಚಿತ್ರ ಬರೆಯುವವರು ಈ ವ್ಯತ್ಯಾಸ ಬಿಟ್ಟರೆ ಬರೆದದ್ದೆಲ್ಲ ತಪ್ಪಾಗುತ್ತದೆ.

ಇನ್ನೊಂದು, ಈ ಪ್ರದೇಶದ ಬಹುಭಾಗ ಪಾಲಿಕೆಗೆ ಸೇರಿದ್ದೇ 2007ರಲ್ಲಿ, ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ಬಿಬಿಎಂಪಿ ಮಾಡಿದಾಗ. ಆ 110 ಹಳ್ಳಿಗಳಿಗಾಗಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಸಾಲು ನಿಂತಿದ್ದ ಜನ ಏಪ್ರಿಲ್‌ನಲ್ಲಿ ಮತ ಹಾಕಿದರು. ನೀರಿನ ಸಿಟ್ಟು ಯಾರ ಮೇಲೆ ಬಿತ್ತು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. 2023ರಲ್ಲಿ ಇಲ್ಲಿ ಬಿಜೆಪಿ 1,81,731, ಕಾಂಗ್ರೆಸ್ 1,37,230. ಮರುವರ್ಷ ಬಿಜೆಪಿಗೆ 48 ಸಾವಿರ ಏರಿತು, ಕಾಂಗ್ರೆಸ್‌ಗೆ ಸುಮಾರು 22 ಸಾವಿರ ಇಳಿಯಿತು.

ಲಿಂಗರಾಜಪುರ ಓದುಗಿ:
ಆ ಏರಿಕೆಯ ಬಗ್ಗೆಯೇ ಅಲ್ಲವೇ ಇಷ್ಟು ಗಲಾಟೆ? 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಮಹದೇವಪುರದಲ್ಲಿ 1,00,250 ಮತ ನಕಲಿ ಎಂದು ಆರೋಪಿಸಿದರು. ಎರಡೆರಡು ಕಡೆ ಹೆಸರು 11,965, ವಿಳಾಸವೇ ಸರಿಯಿಲ್ಲದ್ದು 40,009, ಒಂದೇ ವಿಳಾಸದಲ್ಲಿ ಗುಂಪಾಗಿ 10,452, ಫೋಟೊ ಸರಿಯಿಲ್ಲದ್ದು 4,132, ಫಾರಂ 6ರ ದುರ್ಬಳಕೆ 33,692. ಚುನಾವಣಾ ಆಯೋಗ ಆರೋಪ ತಳ್ಳಿಹಾಕಿತು, ಪ್ರಮಾಣ ಮಾಡಿ ವಿವರ ಕೊಡಿ ಎಂದಿತು. ಇದನ್ನು ಬದಿಗಿಟ್ಟು ನೀರು, ಜಾತಿ ಎಂದು ಮಾತಾಡುವುದು ನನಗೆ ಸರಿ ಕಾಣುತ್ತಿಲ್ಲ.

ಬೂತ್ ಲೆಕ್ಕ:
ಬದಿಗಿಡಬಾರದು, ನಿಜ. ಆದರೆ ಐದನ್ನೂ ಒಂದೇ ಮೊತ್ತಕ್ಕೆ ಕಟ್ಟಬಾರದು ಮೇಡಂ. ಒಂದೊಂದರ ಸ್ವಭಾವ ಬೇರೆ.

ಫಾರಂ 6 ತಗೊಳ್ಳಿ. ಅದು ಮೊದಲ ಸಲ ಸೇರುವವರಿಗೆ. ಆದರೆ 2022ರ ಆಗಸ್ಟ್ 1ರವರೆಗೆ ಬೇರೆ ಕ್ಷೇತ್ರಕ್ಕೆ ಮನೆ ಬದಲಿಸಿದವರೂ ಫಾರಂ 6ನ್ನೇ ತುಂಬಬೇಕಿತ್ತು. ಆಮೇಲೆ ಸ್ಥಳಾಂತರ, ತಿದ್ದುಪಡಿ, ಹೊಸ ಗುರುತಿನ ಚೀಟಿ ಎಲ್ಲ ಫಾರಂ 8ಕ್ಕೆ ಬಂದವು. ಹಳೇ ರೂಢಿಯಲ್ಲಿ 60 ದಾಟಿದವರು ಫಾರಂ 6 ಕೊಟ್ಟರೆ ಪಟ್ಟಿಯಲ್ಲಿ ‘ಹೊಸ ಮತದಾರ’ ಎಂದು ಕಾಣುತ್ತಾರೆ. ಇದರಿಂದ ಒಂದು ನಿಜವಾದ ತೊಂದರೆಯೂ ಹುಟ್ಟುತ್ತದೆ: ಫಾರಂ 8ರಲ್ಲಿ ಹಳೇ ಚೀಟಿಯ ಸಂಖ್ಯೆ ಇರುವುದರಿಂದ ಹಳೇ ಊರಿನ ಹೆಸರು ತೆಗೆಯಲು ದಾರಿ ಇದೆ. ಫಾರಂ 6ರಲ್ಲಿ ‘ಬೇರೆಲ್ಲೂ ಹೆಸರಿಲ್ಲ’ ಎಂಬ ಘೋಷಣೆ ಬಿಟ್ಟರೆ ಕೊಂಡಿಯೇ ಇಲ್ಲ. ಹೀಗೆ ಎರಡು ಕಡೆ ಹೆಸರು ಉಳಿಯುತ್ತದೆ. ಅದು ಕಾಯಿದೆಗೆ ವಿರುದ್ಧ. 1950ರ ಪ್ರಜಾಪ್ರತಿನಿಧಿ ಕಾಯಿದೆಯ ಸೆಕ್ಷನ್ 31ರಡಿ ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು. ಆದರೆ ಎರಡು ಕಡೆ ಹೆಸರಿದೆ ಎಂದಾಕ್ಷಣ ಎರಡು ಕಡೆ ಮತ ಬಿತ್ತು ಎಂದಲ್ಲ. ಅದನ್ನು ಸಾಬೀತು ಮಾಡಲು ಬೂತ್‌ನಲ್ಲಿ ಸಹಿ ಹಾಕಿಸುವ ರಿಜಿಸ್ಟರ್ ಬೇಕು. ಅದು ಸಾರ್ವಜನಿಕರ ಕೈಗೆ ಸಿಗುವುದಿಲ್ಲ.

ವಿಳಾಸದ ವಿಷಯ ಬೆಂಗಳೂರಿನವರಿಗೆ ಗೊತ್ತೇ ಇದೆ. ರೆವಿನ್ಯೂ ಬಡಾವಣೆಯಲ್ಲಿ ಒಂದೇ ಮನೆಗೆ ಸೈಟ್ ನಂಬರ್, ಸರ್ವೆ ನಂಬರ್, ಖಾತಾ ನಂಬರ್, ಹಳೇ ಪಂಚಾಯಿತಿಯ ಖಾನೇಶುಮಾರಿ ನಂಬರ್. ನಂಬರೇ ಇಲ್ಲದ ಕಡೆ ಪಟ್ಟಿಯಲ್ಲಿ ಮನೆ ನಂಬರ್ ಸೊನ್ನೆ ಎಂದು ಬರುತ್ತದೆ ಎಂದು ಆಯೋಗ ಹೇಳಿತು. ಇಂಥ ಬೀದಿಗಳಲ್ಲಿ ಅದು ನಂಬಬಹುದಾದ ಮಾತು. ಒಂದು ಕೋಣೆಯ ವಿಳಾಸದಲ್ಲಿ 80 ಹೆಸರು ಎಂಬ ಆರೋಪಕ್ಕೆ ಆ ಉತ್ತರ ಸಾಲದು. ಬಾಡಿಗೆಯವರು ಬಂದು ಹೋಗಿ ಹೆಸರು ಉಳಿದಿದ್ದರೆ, ತೆಗೆಯದೇ ಬಿಟ್ಟದ್ದು ಯಾಕೆ ಎಂದು ಕೇಳಲೇಬೇಕು.

ಲಿಂಗರಾಜಪುರ ಓದುಗಿ:
ತೆಗೆಯುವುದಕ್ಕೆ ಹೋದಾಗ ಏನಾಯಿತು ಅದನ್ನೂ ಹೇಳಿ. 2022ರ ನವೆಂಬರ್‌ನಲ್ಲಿ ಖಾಸಗಿ ಸಂಸ್ಥೆಯೊಂದು ಮತದಾರರ ಮಾಹಿತಿ ಕಲೆಹಾಕಿದ ಪ್ರಕರಣ ಹೊರಬಂತು. ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಮೂರರ ಪಟ್ಟಿಯನ್ನೂ ಮತ್ತೆ ಪರಿಶೀಲಿಸಲು ಆದೇಶಿಸಿತು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರದಲ್ಲಿ ಭಯ ಹೆಸರು ಕೈಬಿಡುವುದರದ್ದು, ಮಹದೇವಪುರದಲ್ಲಿ ಹೆಸರು ಸೇರುವುದರದ್ದು. ಒಂದೇ ಲೋಕಸಭಾ ಕ್ಷೇತ್ರದ ಎರಡು ಮೂಲೆಯಲ್ಲಿ ಎರಡು ತದ್ವಿರುದ್ಧ ಆತಂಕ. ಬಾಡಿಗೆ ಮನೆ ಬದಲಿಸುವ ಬಡವರ ಹೆಸರು ಫಾರಂ 7ರಲ್ಲಿ (ಹೆಸರು ತೆಗೆಸುವ ಅರ್ಜಿ) ಸುಲಭವಾಗಿ ಹೋಗುತ್ತದೆ, ಮತದಾನದ ದಿನವೇ ಅವರಿಗೆ ಗೊತ್ತಾಗುವುದು.

ಬೂತ್ ಲೆಕ್ಕ:
ಅದಕ್ಕೆ ದಿನಾಂಕ ನೆನಪಿಟ್ಟುಕೊಳ್ಳಬೇಕು. ನಾಮಪತ್ರದ ಕಡೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ. ಹೆಸರು ತೆಗೆದ ಆದೇಶದ ಮೇಲೆ ಜಿಲ್ಲಾ ಚುನಾವಣಾಧಿಕಾರಿಗೆ 15 ದಿನದೊಳಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ 30 ದಿನದೊಳಗೆ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ (ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1), ಹಾಗಾಗಿ 18 ತುಂಬಿದವರು ಮುಂದಿನ ಜನವರಿಗೆ ಕಾಯಬೇಕಿಲ್ಲ.

ಪ್ರಕಾಶನಗರ:
ಮತದಾನದ ಪ್ರಮಾಣದ ಬಗ್ಗೆ ಯಾರೂ ಬರೆಯಲಿಲ್ಲ. 2024ರಲ್ಲಿ 54.06%. ‘ಬೆಂಗಳೂರಿನವರು ಸೋಮಾರಿಗಳು’ ಎನ್ನುವ ಬೈಗುಳ ಪ್ರತಿ ಸಲ. ಏಪ್ರಿಲ್ 26 ಶುಕ್ರವಾರ, ಮರುದಿನ ನಾಲ್ಕನೇ ಶನಿವಾರ, ಊರಿಗೆ ಹೋದವರು ಇದ್ದರು, ಒಪ್ಪುತ್ತೇನೆ. ಆದರೆ ಮೇಲೆ ನೀವೆಲ್ಲ ಹೇಳಿದಂತೆ ಪಟ್ಟಿಯಲ್ಲಿ ಮನೆ ಬಿಟ್ಟವರು, ತೀರಿಕೊಂಡವರು, ಎರಡು ಕಡೆ ಇರುವವರು ತುಂಬಿದ್ದರೆ ಭಾಗಿಸುವ ಸಂಖ್ಯೆಯೇ ಉಬ್ಬಿದೆ. ನಿಜಕ್ಕೂ ಇಲ್ಲಿ ವಾಸವಿರುವ ಮತದಾರರ ಲೆಕ್ಕದಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚೇ ಇರಬೇಕು. ಬೈಯುವ ಮೊದಲು ಪಟ್ಟಿ ಶುದ್ಧ ಮಾಡಲಿ.

ಸಂಸದರ ಕೆಲಸದ ಬಗ್ಗೆಯೂ ಒಂದು ಮಾತು. ನಿಧಿ ವರ್ಷಕ್ಕೆ 5 ಕೋಟಿ. ಎಂಟಕ್ಕೆ ಹಂಚಿದರೆ ತಲಾ 62.5 ಲಕ್ಷ. ಅದರಲ್ಲಿ ಮಹದೇವಪುರದ ಒಂದು ರಸ್ತೆಯೂ ಆಗದು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ಜನ ಚರಂಡಿಗೂ ಸಂಸದರನ್ನೇ ಕೇಳುವಂತಾಯಿತು. ಅವರ ಹಿಡಿತ ಇರುವುದು ರೈಲ್ವೆ ಮತ್ತು ರಕ್ಷಣಾ ಇಲಾಖೆಯ ಜಾಗದಂಥ ಕೇಂದ್ರದ ವಿಷಯಗಳಲ್ಲಿ. 2020ರಲ್ಲಿ ಒಪ್ಪಿಗೆ ಸಿಕ್ಕ 148 ಕಿ.ಮೀ. ಉಪನಗರ ರೈಲು, ಕಗ್ಗದಾಸಪುರದ ರೈಲ್ವೆ ಗೇಟ್, ಇಂಥದ್ದರ ಮೇಲೆ ಅಳೆಯಿರಿ.

ಕಾಟನ್‌ಪೇಟೆ ಕಾರ್ನರ್:
ಮತ ಒಡೆದದ್ದೇ ಎಂಬ ನನ್ನ ವಾದ 2009ಕ್ಕೆ ಮಾತ್ರ ಉಳಿಯಿತು. ಆದರೆ ಗಾಂಧಿನಗರ ಇನ್ನೂ ಅರ್ಥವಾಗುತ್ತಿಲ್ಲ. 2023ರಲ್ಲಿ ಕಾಂಗ್ರೆಸ್ ಗೆದ್ದಿತ್ತು, 2024ರಲ್ಲಿ ಅಲ್ಲಿ ಬಿಜೆಪಿ ಮುಂದೆ. ಶ್ರೀರಾಮಪುರ, ಓಕಳಿಪುರದ ಜನ ವರ್ಷದಲ್ಲಿ ಬದಲಾದರಾ?

ವರ್ತೂರು ಕೋಡಿ:
ಗಾಂಧಿನಗರದಲ್ಲಿ ದಿನೇಶ್ ಗುಂಡೂರಾವ್ ಗೆದ್ದದ್ದು 105 ಮತದಲ್ಲಿ. ಅದು ಯಾವ ಪಕ್ಷದ ಕೋಟೆಯೂ ಅಲ್ಲ. ಶಾಸಕರಿಗೆ ಒಂದು, ದೆಹಲಿಗೆ ಇನ್ನೊಂದು ಎಂದು ಮತ ಹಾಕುವವರು ಹಳೇ ಪೇಟೆಯಲ್ಲೂ ಇದ್ದಾರೆ.

ಬೂತ್ ಲೆಕ್ಕ:
ಫಾರಂ 20 ತೆಗೆದು ನೋಡಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಬೂತ್‌ವಾರು ಮತ ಸಿಗುತ್ತದೆ. ಎರಡು ಎಚ್ಚರಿಕೆ. ಅಂಚೆ ಮತ ಬೂತ್‌ಗೆ ಹಂಚಿರುವುದಿಲ್ಲ, ಲೋಕಸಭೆಯಲ್ಲಿ ಅದು ಇಡೀ ಕ್ಷೇತ್ರಕ್ಕೆ ಒಟ್ಟಾಗಿ ಬರುತ್ತದೆ. ಮತ್ತೆ ಬೂತ್ ಸಂಖ್ಯೆ ನಂಬಬೇಡಿ. ಮತದಾರರು ಮಿತಿ ದಾಟಿದರೆ ಬೂತ್ ಒಡೆಯುತ್ತಾರೆ, ಮುಂದಿನದಕ್ಕೆಲ್ಲ ಸಂಖ್ಯೆ ಬದಲಾಗುತ್ತದೆ. 2019ರ 120ನೇ ಬೂತ್ ಮತ್ತು 2024ರ 120ನೇ ಬೂತ್ ಬೇರೆ ಬೀದಿಗಳಾಗಿರಬಹುದು. ಶಾಲೆಯ ಹೆಸರು, ಭಾಗದ ಬೀದಿಗಳ ಪಟ್ಟಿ ಹಿಡಿದು ಜೋಡಿಸಿ. ಗಾಂಧಿನಗರಕ್ಕೆ 2023 ಮತ್ತು 2024 ಸಾಕು, ಒಂದೇ ವರ್ಷದ ಅಂತರವಾದ್ದರಿಂದ ಬೂತ್‌ಗಳು ಹೆಚ್ಚು ಕದಲಿರುವುದಿಲ್ಲ. ಪ್ರತಿ ಬೂತ್‌ನಲ್ಲಿ ಮೊದಲು ಚಲಾವಣೆಯಾದ ಒಟ್ಟು ಮತ ಹೋಲಿಸಿ, ಆಮೇಲೆ ಪಕ್ಷದ ಮತ. ಒಟ್ಟು ಕುಸಿದು ಕಾಂಗ್ರೆಸ್ ಮತವೂ ಅಷ್ಟೇ ಕುಸಿದಿದ್ದರೆ ಜನ ಬಂದಿಲ್ಲ. ಒಟ್ಟು ಹಾಗೇ ಇದ್ದು ಬಿಜೆಪಿಗೆ ಏರಿದ್ದರೆ ಜನ ಬದಲಿಸಿದ್ದಾರೆ. ಶ್ರೀರಾಮಪುರದ ಬೂತ್‌ಗಳಿಂದ ಶುರು ಮಾಡಿ, ಸಿಕ್ಕ ಅಂಕಿ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.