ಆಟದ ಮೈದಾನಕ್ಕೆ ಕಂಪನಿ ಹೆಸರು: ಭಾನುವಾರದ ಸಭೆಗೆ ಮುಂಚೆ ನಿಮ್ಮ ಮಾತು ಹೇಳಿ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಬಾಸ್ಕೆಟ್‌ಬಾಲ್ ಕೋರ್ಟ್ ಯಾವ ಸ್ಥಿತಿಯಲ್ಲಿದೆ ಅಂತ ನೋಡಿಯೇ ಇದ್ದೀರಿ. ರಿಂಗ್ ಕೆಳಗೆ ನೆಲದ ಬಣ್ಣ ಹಪ್ಪಳದ ಹಾಗೆ ಎದ್ದಿದೆ, ಮಳೆ ಬಂದರೆ ಮೂಲೆಯಲ್ಲಿ ನೀರು ನಿಲ್ಲುತ್ತದೆ, ದೀಪಗಳಲ್ಲಿ ಅರ್ಧ ಉರಿಯುತ್ತಿಲ್ಲ. ಒಂದು ಕಂಪನಿಯವರು ನೆಲ, ದೀಪ, ಬೇಲಿ ಎಲ್ಲ ಮಾಡಿಸಿಕೊಡುತ್ತೇವೆ ಎಂದು ಬಂದಿದ್ದಾರೆ. ಅದಕ್ಕೆ ಬದಲಾಗಿ ಇಡೀ ಮೈದಾನಕ್ಕೆ ಅವರ ಹೆಸರಿಡಬೇಕಂತೆ. ಎಷ್ಟು ವರ್ಷ ಎಂದು ಕೇಳಿದರೆ ‘ಶಾಶ್ವತವಾಗಿ’ ಎಂದರು. ಭಾನುವಾರ ತೀರ್ಮಾನ ಆಗಬೇಕು.

ಎರಡನೇ ಅಡ್ಡರಸ್ತೆಯವರು:
ಇದರಲ್ಲಿ ಯೋಚನೆ ಮಾಡುವುದು ಏನಿದೆ ಸರ್? ಬೋರ್ಡ್ ಯಾರದಾದರೂ ಇರಲಿ, ಮಕ್ಕಳು ಜಾರಿ ಬೀಳದಿದ್ದರೆ ಸಾಕು. ಪ್ರತಿ ಸಲ ಚಂದಾ ಎತ್ತುವುದು, ಕೊಡುವವರು ಅದೇ ನಾಲ್ಕು ಮನೆ. ಮಿಕ್ಕವರು ಈ ಗ್ರೂಪ್‌ನಲ್ಲಿ ಹೆಬ್ಬೆರಳಿನ ಚಿಹ್ನೆ ಒತ್ತಿ ಸುಮ್ನಾಗುತ್ತಾರೆ.

ಮಾಜಿ ಖಜಾಂಚಿ:
ನಾಲ್ಕು ಮನೆ ಮಾತು ನಿಜ, ರಸೀದಿ ಪುಸ್ತಕ ಬರೆದವನು ನಾನೇ. ದುಡ್ಡು ಬೇಡ ಎಂದು ನಾನೂ ಹೇಳುವುದಿಲ್ಲ. ಆದರೆ ಹೆಸರನ್ನು ಮಾರಬಾರದು, ಬಾಡಿಗೆಗೆ ಕೊಡಬೇಕು. ಅದೂ ಅವಧಿ ಬರೆದು.

ಯಾಕೆ ಅಂದರೆ, ಇವತ್ತು ಚೆನ್ನಾಗಿರುವ ಕಂಪನಿ ನಾಳೆ ಹಾಗೇ ಇರುತ್ತದೆ ಎಂದು ಯಾರು ಬರೆದುಕೊಡುತ್ತಾರೆ? ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಎನ್ರಾನ್ ಎಂಬ ಇಂಧನ ಕಂಪನಿಯ ಹೆಸರಿಟ್ಟರು. 30 ವರ್ಷಕ್ಕೆ, 10 ಕೋಟಿ ಡಾಲರ್‌ಗೆ, 1999ರಲ್ಲಿ ಆದ ಒಪ್ಪಂದ ಅದು. 2001ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ. ಲೆಕ್ಕದಲ್ಲಿ ಮೋಸ ಮಾಡಿದ ಕಂಪನಿ ಎಂದು ಊರೆಲ್ಲ ಬೈಯುತ್ತಿದೆ, ಹೆಸರು ಮಾತ್ರ ಗೋಡೆ ಮೇಲೆ! ಕೊನೆಗೆ 2002ರಲ್ಲಿ ತಂಡದವರೇ ಸುಮಾರು 21 ಲಕ್ಷ ಡಾಲರ್ ಕೈಯಿಂದ ಕೊಟ್ಟು ಆ ಹೆಸರು ತೆಗೆಸಿಕೊಂಡರು. ಹೆಸರಿಡಲು ದುಡ್ಡು ತಗೊಂಡವರೇ ಹೆಸರು ಅಳಿಸಲು ದುಡ್ಡು ಕೊಡಬೇಕಾಯಿತು.

ಅದು ಹಳೇ ಕಥೆ ಎನ್ನುವವರಿಗೆ ಮಯಾಮಿ ಇದೆ. ಅಲ್ಲಿನ ಒಳಾಂಗಣ ಕ್ರೀಡಾಂಗಣ ಕೌಂಟಿ ಆಡಳಿತದ್ದು, ಅಂದರೆ ಜನರದ್ದೇ. 2021ರಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ (ಡಿಜಿಟಲ್ ಹಣ) ವ್ಯವಹಾರದ ಕಂಪನಿ ಜೊತೆ 19 ವರ್ಷಕ್ಕೆ 13.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಬರುವ ದುಡ್ಡನ್ನು ಬಂದೂಕು ಹಿಂಸೆ ತಡೆಯುವ ಕೆಲಸಕ್ಕೆ ಬಳಸಬೇಕು ಎಂದೂ ಯೋಜನೆ ಹಾಕಿಕೊಂಡಿದ್ದರು. 2022ರ ನವೆಂಬರ್‌ನಲ್ಲಿ ಕಂಪನಿ ಮುಳುಗಿತು. ಬೋರ್ಡ್ ತೆಗೆಯುವುದು ಹೇಗೋ ಆಗುತ್ತದೆ, ಆ ದುಡ್ಡನ್ನು ನಂಬಿ ಹಾಕಿಕೊಂಡ ಕೆಲಸಗಳ ಗತಿ ಏನು ಅನ್ನೋದು ದೊಡ್ಡ ತಲೆನೋವು.

ಆಟಗಾರ್ತಿಯೊಬ್ಬಳ ತಾಯಿ:
ಅವು ಕೋಟಿಗಟ್ಟಲೆ ವ್ಯವಹಾರ, ನಮ್ಮದು ಒಂದು ಕೋರ್ಟ್. ಆದರೂ ಒಂದು ಮಾತು. ಯಾವ ಕಂಪನಿ, ಏನು ಮಾರುತ್ತಾರೆ ಎಂದು ಕಾರ್ಯದರ್ಶಿಗಳು ಬರೆದೇ ಇಲ್ಲವಲ್ಲ? ನನ್ನ ಮಗಳು ಎದೆ ಮೇಲೆ ಜೂಜಿನ ಆ್ಯಪ್ ಹೆಸರು ಹಾಕಿಕೊಂಡು ಆಡುವುದು ನನಗೆ ಬೇಡ. ತಂಬಾಕಿನ ವಿಷಯದಲ್ಲಿ ಇದನ್ನು ಜಗತ್ತೇ ಯೋಚಿಸಿ ಆಗಿದೆ. 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದದ 13ನೇ ವಿಧಿ ಜಾಹೀರಾತಿನ ಜೊತೆ ಪ್ರಾಯೋಜಕತ್ವವನ್ನೂ ಸೇರಿಸಿಯೇ ತಡೆಯಬೇಕು ಎನ್ನುತ್ತದೆ. ತಂಬಾಕು, ಮದ್ಯ, ಜೂಜು, ದುಬಾರಿ ಬಡ್ಡಿ ಸಾಲ. ಈ ನಾಲ್ಕೂ ಬೇಡ ಎಂದು ಮೊದಲೇ ಬರೆದಿಡೋಣ. ದುಡ್ಡು ಮೇಜಿನ ಮೇಲೆ ಬಂದ ಮೇಲೆ ಬೇಡ ಎನ್ನಲು ಬಾಯಿ ಬರುವುದಿಲ್ಲ.

ಮಾಜಿ ಖಜಾಂಚಿ:
ಸರಿಯಾಗಿ ಹೇಳಿದಿರಿ ಮೇಡಂ. ಸಾಲದ ಕಂಪನಿ ಎಂದಿರಿ, ಇಂಗ್ಲೆಂಡಿನ ನ್ಯೂಕ್ಯಾಸಲ್ ಫುಟ್‌ಬಾಲ್ ತಂಡ ನೆನಪಾಯಿತು. 2011ರಲ್ಲಿ ಕ್ರೀಡಾಂಗಣದ ಸೇಂಟ್ ಜೇಮ್ಸ್ ಪಾರ್ಕ್ ಎಂಬ ಹೆಸರು ತೆಗೆದು, ಒಂದು ಅಂಗಡಿ ಕಂಪನಿಯ ಹೆಸರಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಅರೀನಾ ಎಂದಿಟ್ಟರು, ಅಭಿಮಾನಿಗಳು ಕೆಂಡವಾದರು. ಮರುವರ್ಷ ವೋಂಗಾ ಎಂಬ ಸಾಲದ ಕಂಪನಿ ಹೆಸರಿಡುವ ಹಕ್ಕು ಕೊಂಡು ಹಳೇ ಹೆಸರನ್ನೇ ವಾಪಸ್ ಇಟ್ಟಿತು! ಜನರ ಬಾಯಲ್ಲಿರುವ ಹೆಸರಿಗೆ ಕೈ ಹಾಕದಿದ್ದರೆ ಅದೇ ದೊಡ್ಡ ಪ್ರಚಾರ ಎಂದು ಅವರಿಗೆ ಅರ್ಥವಾಗಿತ್ತು. ಅಂಗಿ ಮೇಲೆ ಮಾತ್ರ ಅವರ ಹೆಸರು ಬಂತು, ಅದಕ್ಕೂ ಜನ ಬೈದರು, ಅದು ಬೇರೆ ಮಾತು.

ಸಂಜೆ ಬ್ಯಾಚ್ ಕೋಚ್:
ನನ್ನದು ಬೇರೆ ಚಿಂತೆ. ನೆಲ ಹಾಕಿಸಿಕೊಡುತ್ತಾರೆ, ಸಂತೋಷ. ಕೆಲವು ವರ್ಷ ಕಳೆದು ಅದೇ ನೆಲ ಬಿರುಕು ಬಿಟ್ಟಾಗ ಯಾರು ಬರುತ್ತಾರೆ? ಹೊಸದು ಕಟ್ಟಿಸಲು ದಾನಿ ಸಿಗುತ್ತಾರೆ, ಸುಟ್ಟ ದೀಪ ಬದಲಿಸಲು ಯಾರೂ ಸಿಗುವುದಿಲ್ಲ. ರಿಬ್ಬನ್ ಕತ್ತರಿಸುವ ದಿನ ಇರುವ ಹುರುಪು ಚರಂಡಿ ಜಾಲರಿಯಲ್ಲಿ ಎಲೆ ಕಟ್ಟಿಕೊಂಡಾಗ ಇರಲ್ಲ. ಅದಕ್ಕೇ ಬರುವ ದುಡ್ಡಲ್ಲಿ ಒಂದು ಪಾಲು ನಿರ್ವಹಣೆಗೆಂದೇ ಬೇರೆ ಖಾತೆಯಲ್ಲಿ ಇರಲಿ, ಬೇರೆ ಖರ್ಚಿಗೆ ಮುಟ್ಟಬಾರದು. ಇನ್ನೊಂದು, ‘ನಮ್ಮ ಸಿಬ್ಬಂದಿ ಟೂರ್ನಿ ಇದೆ, ಈ ವಾರ ಕೋರ್ಟ್ ಖಾಲಿ ಮಾಡಿ’ ಎಂದು ಬಂದರೆ ಮಕ್ಕಳು ಎಲ್ಲಿಗೆ ಹೋಗಬೇಕು? ಹೆಸರು ಕೊಟ್ಟವರಿಗೆ ಬೋರ್ಡ್ ಮೇಲೆ ಜಾಗ, ಸಮಯದ ಪಟ್ಟಿಯಲ್ಲಿ ಅಲ್ಲ.

ಎರಡನೇ ಅಡ್ಡರಸ್ತೆಯವರು:
ಇಷ್ಟೆಲ್ಲ ಷರತ್ತು ಹಾಕಿದರೆ ಅವರು ಕೈಮುಗಿದು ಹೋಗುತ್ತಾರೆ. ಆಮೇಲೆ ಮತ್ತೆ ನಾಲ್ಕು ಮನೆ.

ಮಾಜಿ ಖಜಾಂಚಿ:
ಹೋಗಲಿ ಬಿಡಿ ಎನ್ನುವುದಿಲ್ಲ, ಆದರೆ ಅವರಿಗೂ ಲಾಭ ಇದೆ ಅಲ್ವಾ? ದಿನಾ ಸಂಜೆ ಇಷ್ಟು ಜನ ಆ ಬೋರ್ಡ್ ನೋಡುತ್ತಾರೆ. ಮೈದಾನದ ಹೆಸರು ಹಾಗೇ ಇರಲಿ, ಕೋರ್ಟ್‌ಗೆ ಮಾತ್ರ ಅವರ ಹೆಸರು, ಐದು ವರ್ಷಕ್ಕೆ. ಚೆನ್ನಾಗಿ ನಡೆದರೆ ಮುಂದುವರಿಸುವ ಮೊದಲ ಅವಕಾಶ ಅವರಿಗೇ. ಕಂತು ತಪ್ಪಿದರೆ, ಕಂಪನಿ ಮುಚ್ಚಿದರೆ, ಮೋಸದ ಕೇಸಲ್ಲಿ ಸಿಕ್ಕಿಬಿದ್ದರೆ ಹೆಸರು ತೆಗೆಯುವ ಹಕ್ಕು ನಮ್ಮದು. ತೆಗೆಯುವ ಖರ್ಚಿಗೆ ಠೇವಣಿ ಅವರದ್ದು, ಮೊದಲೇ. ಇದಕ್ಕೂ ಒಪ್ಪದವರು ಕೊಡುತ್ತಿರುವುದು ದಾನ ಎಂದು ನನಗೆ ಅನಿಸುವುದಿಲ್ಲ.

ಮೂಲೆ ಮನೆಯವರು:
ಎಲ್ಲರೂ ಹೆಸರಿನ ಬಗ್ಗೆ ಮಾತಾಡುತ್ತಿದ್ದೀರಿ. ಜಾಗ ಯಾರ ಹೆಸರಲ್ಲಿದೆ? ಸಂಘದ್ದೋ, ನಗರಾಡಳಿತದ್ದೋ? ಅವರದ್ದಾದರೆ ಹೆಸರು ಕೊಡುವ ಅಧಿಕಾರವೇ ನಮಗಿಲ್ಲ. ತೆರಿಗೆ ಬೇರೆ ಇದೆ. ದಾನಿಯ ಹೆಸರನ್ನು ಕೃತಜ್ಞತೆಗೆ ಕಲ್ಲಿನ ಮೇಲೆ ಬರೆಸುವುದು ಒಂದು, ಅವರ ವ್ಯಾಪಾರದ ಪ್ರಚಾರ ಮಾಡುವುದು ಇನ್ನೊಂದು. ಅಮೆರಿಕದ ತೆರಿಗೆ ಕಾನೂನೂ ಈ ಎರಡನ್ನು ಬೇರೆ ಬೇರೆಯಾಗಿ ನೋಡುತ್ತದೆ, ಭಾರತದ 2019ರ ಜಿಎಸ್‌ಟಿ ಸುತ್ತೋಲೆಯೂ ಹಾಗೇ. ‘ಇವರಲ್ಲೇ ಕೊಳ್ಳಿ’ ಎನ್ನುವ ಬೋರ್ಡ್ ಹಾಕಿ ಅದನ್ನು ದಾನ ಎಂದು ಬರೆದುಕೊಳ್ಳಲು ಆಗಲ್ಲ. ಸಹಿ ಹಾಕುವ ಮುಂಚೆ ಆಡಿಟರ್‌ಗೆ ತೋರಿಸಿ.

ಸಂಘದ ಕಾರ್ಯದರ್ಶಿ:
ಸರಿ. ಜಾಗದ ಕಾಗದ ನಾನು ತೆಗೆಸುತ್ತೇನೆ, ಅದು ಸಿಗುವ ತನಕ ಕಂಪನಿಗೆ ಹೂಂ ಎನ್ನುವುದಿಲ್ಲ. ಖಜಾಂಚಿ ಸರ್, ನೀವು ಹೇಳಿದ್ದನ್ನೆಲ್ಲ ಒಂದು ಪುಟದ ಕರಡು ಮಾಡಿ ಶನಿವಾರ ಇಲ್ಲಿ ಹಾಕಿ. ಮೇಡಂ ಹೇಳಿದ ನಾಲ್ಕು ‘ಬೇಡ’ ಅದರಲ್ಲಿ ಮೊದಲಿಗೇ ಬರಲಿ. ಕೋಚ್, ವರ್ಷಕ್ಕೆ ನಿರ್ವಹಣೆಗೆ ಏನೇನು ಬೇಕು ಎಂದು ಪಟ್ಟಿ ಕೊಡಿ, ನೆಟ್‌ನಿಂದ ಹಿಡಿದು ವಿದ್ಯುತ್ ಬಿಲ್ ತನಕ. ಎರಡನೇ ಅಡ್ಡರಸ್ತೆಯವರೇ, ಬೇರೆ ಎರಡು ಮೂರು ಕಂಪನಿಗಳನ್ನು ನೀವು ವಿಚಾರಿಸುತ್ತೀರಾ? ಒಬ್ಬರೇ ಇದ್ದರೆ ಅವರು ಹೇಳಿದ್ದೇ ಆಗುತ್ತದೆ.

ಎರಡನೇ ಅಡ್ಡರಸ್ತೆಯವರು:
ವಿಚಾರಿಸುತ್ತೇನೆ. ಐದು ವರ್ಷ, ಕೋರ್ಟ್‌ಗೆ ಮಾತ್ರ ಎಂದೇ ಹೇಳಲಾ?

ಮಾಜಿ ಖಜಾಂಚಿ:
ಮೂರು ಅಂತ ಶುರು ಮಾಡಿ.